ಊದಕ್ಕನೂ ಇಸ್ತ್ರಿ ವಿಭಾಗದ ಹೊಟ್ಟೆಗಳೂ

ಮನುಷ್ಯರು ತಮ್ಮ ಹೊಟ್ಟೆಯ ಬಗ್ಗೆ ಹೇಳುವಷ್ಟು ಸುಳ್ಳನ್ನು ತಮ್ಮ ವಯಸ್ಸಿನ ಬಗ್ಗೆಯೂ ಹೇಳುವುದಿಲ್ಲ ಎಂಬುದು ಊದಕ್ಕನ ಹದಿನಾಲ್ಕು ವರ್ಷದ ಅನುಭವ. ಬೆಳಿಗ್ಗೆ ಎಂಟಕ್ಕೆ ಲ್ಯಾಬಿನ ಬಾಗಿಲು ತೆರೆದರೆ ಸಾಕು, ಸುಳ್ಳುಗಳು ಸಾಲಾಗಿ ಬಂದು ಬೆಂಚಿನ ಮೇಲೆ ಕೂರುತ್ತಿದ್ದವು. ಒಗೆದ ಅಂಗಿ ತೊಟ್ಟ ಸುಳ್ಳು, ಸೆಂಟು ಪೂಸಿಕೊಂಡ ಸುಳ್ಳು, ಸೊಸೆಯ ತೋಳು ಹಿಡಿದು ಬಂದ ಮುದಿ ಸುಳ್ಳು.

ಅವಳ ಕೆಲಸ ಇವರಿಂದೆಲ್ಲ ಊದಿಸುವುದು. ಬರಿಹೊಟ್ಟೆಯಲ್ಲಿ ಬಂದವರು ಮೊದಲು ನೀಲಿ ಚೀಲಕ್ಕೆ ಊದಬೇಕು. ಆಮೇಲೆ ಅರ್ಧ ಲೋಟ ನೀರಿಗೆ ಕದಡಿದ ಪುಡಿ ಕುಡಿದು, ಅರ್ಧ ಗಂಟೆ ತೆಪ್ಪಗೆ ಕೂತು, ಗುಲಾಬಿ ಚೀಲಕ್ಕೆ ಮತ್ತೆ ಊದಬೇಕು. ಹೊಟ್ಟೆಯ ಗೋಡೆಯಲ್ಲಿ ಬೀಡುಬಿಟ್ಟು ಹುಣ್ಣು ಮಾಡುವ ಕ್ರಿಮಿ ಒಂದಿದೆ. ಅದು ಒಳಗಿದ್ದರೆ ಆ ಪುಡಿಯನ್ನು ಒಡೆಯುತ್ತದೆ. ಒಡೆದದ್ದು ಗಾಳಿಯಾಗಿ ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಬರುತ್ತದೆ. ಯಂತ್ರ ಎರಡೂ ಚೀಲದ ಗಾಳಿಯನ್ನು ಹೋಲಿಸಿ ಒಂದು ಸಂಖ್ಯೆ ಹೇಳುತ್ತದೆ. ನಾಲ್ಕು ದಾಟಿದರೆ ಕ್ರಿಮಿ ಇದೆ, ದಾಟದಿದ್ದರೆ ಇಲ್ಲ. ಅಷ್ಟೇ ಲೆಕ್ಕ.

ತೊಡಕೆಂದರೆ ಆಮ್ಲ ತಗ್ಗಿಸುವ ಮಾತ್ರೆ. ಜನ ಅದನ್ನು ಗ್ಯಾಸಿನ ಮಾತ್ರೆ ಎನ್ನುತ್ತಾರೆ, ಪೆಪ್ಪರಮಿಂಟಿನಂತೆ ನುಂಗುತ್ತಾರೆ. ಅದನ್ನು ನುಂಗಿದರೆ ಕ್ರಿಮಿ ಸಾಯುವುದಿಲ್ಲ, ಮುದುರಿಕೊಂಡು ಮಲಗುತ್ತದೆ. ಮಲಗಿದ ಕ್ರಿಮಿ ಪುಡಿಯನ್ನು ಮುಟ್ಟುವುದಿಲ್ಲ. ಹೊಟ್ಟೆ ತುಂಬ ಕ್ರಿಮಿ ಇಟ್ಟುಕೊಂಡವನೂ ‘ಇಲ್ಲ’ ಎಂಬ ಕಾಗದ ಹಿಡಿದು ಖುಷಿಯಾಗಿ ಮನೆಗೆ ಹೋಗುತ್ತಾನೆ. ಅದಕ್ಕೇ ಎರಡು ವಾರ ಮೊದಲು ಆ ಮಾತ್ರೆ ನಿಲ್ಲಿಸಬೇಕೆಂಬ ನಿಯಮ. ನಿಲ್ಲಿಸಿದ್ದೀರಾ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಫಾರಮ್ಮಿನಲ್ಲಿ ಟಿಕ್ ಹಾಕುತ್ತಾರೆ. ಊದಕ್ಕ ಆ ಟಿಕ್ಕನ್ನು ಸೊಳ್ಳೆಯ ಕಾಲಿನಷ್ಟೂ ನಂಬುತ್ತಿರಲಿಲ್ಲ. ಅವಳು ಬೇರೆಯದೇ ಪ್ರಶ್ನೆ ಇಟ್ಟುಕೊಂಡಿದ್ದಳು.

ಒಮ್ಮೆ ನಿವೃತ್ತ ಹೆಡ್‌ಮಾಸ್ಟರೊಬ್ಬರು ಬಂದಿದ್ದರು. ಇಸ್ತ್ರಿ ಮುರಿಯದ ಶರ್ಟು, ಜೇಬಿನಲ್ಲಿ ಎರಡು ಪೆನ್ನು.

“ಗ್ಯಾಸಿನ ಮಾತ್ರೆ ನಿಲ್ಸಿ ಎರಡು ವಾರ ಆಯ್ತಾ, ಮೇಷ್ಟ್ರೇ?”

“ಆಯ್ತಮ್ಮ. ಒಂದೂ ಮುಟ್ಟಿಲ್ಲ.”

“ಎದೆ ಉರಿ ಹೇಗಿದೆ?”

“ಏನೂ ಇಲ್ಲ. ನಿದ್ದೆ ಚೆನ್ನಾಗಿದೆ, ಹಸಿವು ಚೆನ್ನಾಗಿದೆ.”

“ಆರು ವರ್ಷ ದಿನಾ ನುಂಗಿದ ಮಾತ್ರೆ ನಿಲ್ಸಿದೀರಿ. ಆದ್ರೂ ಉರಿ ಇಲ್ಲ?”

“ಇಲ್ಲಮ್ಮ.”

“ಹಾಗಾದ್ರೆ ಏಳಿ ಮೇಲೆ. ನಿಮಗೆ ಪರೀಕ್ಷೆ ಯಾಕೆ? ನಿಮ್ಮನ್ನ ಗಾಜಿನ ಪೆಟ್ಟಿಗೇಲಿಟ್ಟು ಜನಕ್ಕೆ ತೋರಿಸ್ಬೇಕು.”

ಹೆಡ್‌ಮಾಸ್ಟರು ಕೆಮ್ಮಿದರು, ಕನ್ನಡಕ ಒರೆಸಿದರು, ಕೊನೆಗೆ ಪೆನ್ನುಗಳ ಹಿಂದಿನಿಂದ ಅರ್ಧ ಖಾಲಿಯಾದ ಮಾತ್ರೆಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗರನ್ನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದ್ದ ಮನುಷ್ಯ.

ಇದು ಊದಕ್ಕನ ವಿದ್ಯೆ. ಮಾತ್ರೆ ನಿಜಕ್ಕೂ ನಿಲ್ಲಿಸಿದವನು ಎರಡನೆಯ ವಾರಕ್ಕೆ ಕೆಂಡ ನುಂಗಿದವನಂತೆ ಬರುತ್ತಾನೆ. ಎದೆ ಉಜ್ಜಿಕೊಳ್ಳುತ್ತಾನೆ, ಹುಳಿತೇಗು ಬಿಡುತ್ತಾನೆ, ಹೆಂಡತಿಗೆ ಬೈಯುತ್ತಾನೆ. ಅಂಥವನನ್ನು ಕೂರಿಸಿ ಊದಿಸಬಹುದು. ನಗುತ್ತ ಬಂದವನನ್ನು ಮಾತ್ರ ನಂಬಬಾರದು. ಈ ವಿದ್ಯೆಯನ್ನು ಯಾವ ಡಾಕ್ಟರೂ ಅವಳಿಗೆ ಕಲಿಸಿರಲಿಲ್ಲ. ಅವಳ ಅಪ್ಪ ಸೈಕಲ್ ರಿಪೇರಿಯವನು. ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುವುದು ಅವಳ ಪಾಲಿನ ಕೆಲಸ. ಗಿರಾಕಿ ಮೊಳೆ ಚುಚ್ಚಿತು ಅಂದರೂ, ಪಕ್ಕದ ಮನೆಯವನು ಬೇಕೆಂದೇ ಚುಚ್ಚಿದ ಅಂದರೂ, ಅಪ್ಪ ಕಿವಿಗೊಡುತ್ತಿರಲಿಲ್ಲ. “ಮೊದ್ಲು ನೀರಿಗೆ ಹಾಕು” ಅನ್ನುತ್ತಿದ್ದ. ಲ್ಯಾಬಿಗೆ ಅವಳು ಮೊದಲು ಬಂದದ್ದು ನೆಲ ಒರೆಸಲು. ಆಮೇಲೆ ಟ್ಯೂಬು ತೊಳೆದಳು, ಚೀಟಿ ಅಂಟಿಸಿದಳು, ಸಂಜೆ ತರಗತಿಗೆ ಹೋಗಿ ಸರ್ಟಿಫಿಕೇಟು ತಂದಳು. ಉಸಿರಿನ ಯಂತ್ರ ಬಂದಾಗ ಹೊಸದಾಗಿ ಓದಿಬಂದ ಹುಡುಗಿಯರಿಗೆ ಕಂಡವರ ಬಾಯಿವಾಸನೆ ಸಹಿಸಲಾಗಲಿಲ್ಲ. ಇವಳು ಸಹಿಸಿದಳು. “ಊದಿ, ಊದಿ, ಇನ್ನೂ ಊದಿ” ಎಂದು ದಿನವಿಡೀ ಕೂಗಿ ಕೂಗಿ ಊದಕ್ಕನಾದಳು.

ಇಂಥವಳ ಮನೆಯಲ್ಲೇ ಒಂದು ಹೊಟ್ಟೆನೋವು ಎರಡು ವರ್ಷದಿಂದ ವಾಸವಾಗಿತ್ತು. ಅದು ಅವಳ ನಾದಿನಿಯದು. ಗಂಡನ ಜೊತೆ ಬಾಳಲಾರೆ ಎಂದು ಒಂದು ಸೂಟ್‌ಕೇಸು ಹಿಡಿದು ಅಣ್ಣನ ಮನೆಗೆ ಬಂದವಳು, ಆರು ವರ್ಷದಿಂದ ಸಿದ್ಧ ಉಡುಪಿನ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿದ್ದಳು. ಮೇಲಿನಿಂದ ಕೊಳವೆಯಲ್ಲಿ ಇಳಿಬಿದ್ದ ಆವಿಯ ಇಸ್ತ್ರಿಪೆಟ್ಟಿಗೆ, ಮುಂದೆ ಶರ್ಟುಗಳ ರಾಶಿ, ನಿಂತೇ ಹತ್ತು ಗಂಟೆ, ಊಟಕ್ಕೆ ಕಾಲು ಗಂಟೆ. ಕೂರಲು ಸ್ಟೂಲು ಕೇಳಿದರೆ ಕೂತು ಇಸ್ತ್ರಿ ಮಾಡಿದರೆ ಮಡಿಕೆ ಸರಿಬರುವುದಿಲ್ಲ ಎಂಬ ಉತ್ತರ. ಹೀಗೆ ಹೇಳಿದವರು ಕುರ್ಚಿಯ ಮೇಲೆ ಕೂತಿದ್ದರೆಂದು ಬೇರೆ ಹೇಳಬೇಕಿಲ್ಲ.

ನಾದಿನಿಗೂ ಊದಕ್ಕನಿಗೂ ಒಂದೇ ಅಡುಗೆಮನೆ ಇದ್ದುದರಿಂದ ಮಾತಿಗೆ ಕೊರತೆಯಿರಲಿಲ್ಲ. ನಡುವೆ ಸಿಕ್ಕಿಕೊಂಡ ಊದಕ್ಕನ ಗಂಡ ಬೇಕರಿಯ ವ್ಯಾನು ಓಡಿಸುವ ಸಾಧು ಮನುಷ್ಯ. ಇಬ್ಬರ ದನಿ ಏರಿದ ಕೂಡಲೇ ವ್ಯಾನು ತೊಳೆಯಲು ಹೊರಗೆ ಹೋಗಿಬಿಡುತ್ತಿದ್ದ. ಆ ಬೀದಿಯಲ್ಲಿ ಅಷ್ಟು ಹೊಳೆಯುವ ವ್ಯಾನು ಇನ್ನೊಂದಿರಲಿಲ್ಲ.

ಇಸ್ತ್ರಿ ವಿಭಾಗದಲ್ಲಿ ಹೊಟ್ಟೆ ಹಿಡಿದುಕೊಂಡು ಕೂರುವವಳು ನಾದಿನಿಯೊಬ್ಬಳೇ ಅಲ್ಲ. ಅರವತ್ತಮೂರು ಜನ ಸೇರಿ ದೂರು ಬರೆದುಕೊಟ್ಟರು. ಅರ್ಜಿಯಲ್ಲಿ ಮೊದಲ ಸಹಿ ನಾದಿನಿಯದು. ಸಿಬ್ಬಂದಿ ವಿಭಾಗದ ಮೇಡಂ ಎಂಥ ಕೆಟ್ಟ ಸುದ್ದಿಯನ್ನೂ ಹಲ್ಲು ಬಿಟ್ಟುಕೊಂಡೇ ಹೇಳುವುದರಿಂದ ಅವಳಿಗೆ ಎಲ್ಲರೂ ನಗುಮುಖ ಎನ್ನುತ್ತಿದ್ದರು. ಅವಳು ಒಂದು ವಾರದಲ್ಲಿ ನೋಟೀಸು ಅಂಟಿಸಿದಳು. ದೂರು ಕೊಟ್ಟವರೆಲ್ಲರಿಗೂ ಕಾರ್ಖಾನೆಯಲ್ಲೇ ಉಸಿರಿನ ಪರೀಕ್ಷೆ ನಡೆಯುತ್ತದೆ. ಕ್ರಿಮಿ ಇದ್ದವರಿಗೆ ಚಿಕಿತ್ಸೆ, ರಜೆ. ಇಲ್ಲದವರ ದೂರು ಸುಳ್ಳು ದೂರು, ಅವರು ಕೆಲಸ ಬಿಟ್ಟು ಹೋಗಬೇಕು.

ಪರೀಕ್ಷೆಯ ಗುತ್ತಿಗೆ ಸಿಕ್ಕಿದ್ದು ಊದಕ್ಕನ ಲ್ಯಾಬಿಗೆ. ನೋಟೀಸನ್ನು ನಾದಿನಿ ಮೊಬೈಲಿನಲ್ಲಿ ತೋರಿಸಿದಳು.

“ನೋಡು ಅತ್ತಿಗೆ. ನನ್ನ ಕೆಲಸ ಈಗ ನಿನ್ನ ಚೀಲದಲ್ಲಿದೆ.”

“ನನ್ನ ಚೀಲದಲ್ಲಿ ಯಾಕೆ, ನಿನ್ನ ಹೊಟ್ಟೇಲಿದೆ. ಇವತ್ತಿನಿಂದ ಗ್ಯಾಸಿನ ಮಾತ್ರೆ ಬಂದ್. ಕದ್ದು ತಿಂದ್ರೆ ನಂಗೆ ಗೊತ್ತಾಗತ್ತೆ.”

“ಎರಡು ವಾರ ಹೇಗೆ ತಡ್ಕೊಳ್ಳಲಿ?”

“ನಂಗೆ ಬೈತಾ ತಡ್ಕೊ. ಅಭ್ಯಾಸ ಇದೆಯಲ್ಲ.”

ನೋಟೀಸಿನ ಕೊನೆಯ ಸಾಲಿನಲ್ಲಿ ಊದಕ್ಕನಿಗೆ ಆಗ ಯಾವ ತಪ್ಪೂ ಕಾಣಲಿಲ್ಲ. ಕ್ರಿಮಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ತನ್ನ ಯಂತ್ರದ ಬಗ್ಗೆ ಅವಳಿಗೂ ಜಂಬವಿತ್ತು. ನಾದಿನಿಯ ಹೊಟ್ಟೆಯಲ್ಲಿ ಕ್ರಿಮಿ ಇದ್ದೇ ಇದೆಯೆಂಬ ಖಾತ್ರಿಯೂ ಇತ್ತು. ಅಷ್ಟು ಕಹಿ ಮಾತು ಬರಿ ಹೊಟ್ಟೆಯಿಂದ ಬರಲು ಸಾಧ್ಯವಿಲ್ಲವೆಂದು ಗಂಡನಿಗೆ ಹೇಳಿಯೂ ಇದ್ದಳು.

ಮೊದಲ ವಾರ ನಾದಿನಿ ಮನೆಯನ್ನು ಹೊತ್ತಿಸಿಟ್ಟಳು. ತಟ್ಟೆ ತಳ್ಳಿದಳು, ಬಾಗಿಲು ಬಡಿದಳು, ಬೆಳಿಗ್ಗೆ ಎದ್ದು ಸಿಂಕಿಗೆ ಹುಳಿನೀರು ಕಾರಿದಳು. ಎರಡನೆಯ ವಾರ ಇದ್ದಕ್ಕಿದ್ದಂತೆ ತಣ್ಣಗಾದಳು. ಎರಡನೇ ಸಲ ಬಡಿಸಿಕೊಂಡಳು. ಒಂದು ದಿನ ಪಾತ್ರೆ ತೊಳೆಯುತ್ತ ಹಾಡನ್ನೂ ಗುನುಗಿದಳು. ಊದಕ್ಕ ದಿನವಿಡೀ ಕಂಡವರ ಹೊಟ್ಟೆಯನ್ನು ಅನುಮಾನಿಸಿ ದಣಿದು ಬರುವವಳು, ಮನೆಯ ಹೊಟ್ಟೆಯನ್ನು ಅನುಮಾನಿಸಲಿಲ್ಲ. ಮನೆ ತಣ್ಣಗಿದೆಯಲ್ಲ, ಅಷ್ಟೇ ಸಾಕು ಅಂದುಕೊಂಡಳು. ಇದಕ್ಕಾಗಿ ಆಮೇಲೆ ತನ್ನನ್ನೇ ಬೈದುಕೊಂಡಳು. ಬೈದುಕೊಳ್ಳಬೇಕಾದ್ದೇ.

ಪರೀಕ್ಷೆಯ ದಿನ ಕಾರ್ಖಾನೆಯ ಊಟದ ಕೋಣೆಗೆ ಬಣ್ಣದ ಕಾಗದ ಕಟ್ಟಿದ್ದರು. ಹೊಟ್ಟೆ ಹುಣ್ಣಿಗೂ ಬಣ್ಣದ ಕಾಗದಕ್ಕೂ ಏನು ನಂಟೋ. ‘ನಿಮ್ಮ ಆರೋಗ್ಯ ನಮ್ಮ ಕುಟುಂಬ’ ಎಂಬ ಬ್ಯಾನರು. ಅದರ ಅರ್ಥ ಬರೆಸಿದವರಿಗೂ ಗೊತ್ತಿರಲಿಕ್ಕಿಲ್ಲ. ನಗುಮುಖ ಹೊಸ ಸೀರೆಯುಟ್ಟು ಫೋಟೋದವನಿಗೆ ಮೂಲೆ ತೋರಿಸುತ್ತಿದ್ದಳು. ಊದಕ್ಕ ಮೇಜಿನ ಮೇಲೆ ಒಂದು ಕಡೆ ನೀಲಿ ಚೀಲ, ಇನ್ನೊಂದು ಕಡೆ ಗುಲಾಬಿ ಚೀಲ ಜೋಡಿಸಿ, ಹೆಸರಿನ ಚೀಟಿಗಳನ್ನು ತನ್ನ ಕೈಯಿಂದಲೇ ಅಂಟಿಸಿ ಕೂತಳು.

ಮೊದಲನೆಯವನು ಬಂದ. ಎದೆ ಉರಿ? ಇಲ್ಲಕ್ಕ. ಊದಿದ. ಎರಡನೆಯವಳು ಬಂದಳು. ಉರಿ? ಈಗ ವಾಸಿ. ಊದಿದಳು. ಮೂರನೆಯವಳು, ನಾಲ್ಕನೆಯವನು. ಹೊಟ್ಟೆನೋವೆಂದು ಸಹಿ ಹಾಕಿ ಕೊಟ್ಟವರು ಮದುವೆ ಊಟಕ್ಕೆ ಬಂದವರ ಹಾಗೆ ನಗುನಗುತ್ತ ಬಂದು ಊದಿ ಹೋಗುತ್ತಿದ್ದರು. ಎಂಟು ನೀಲಿ ಚೀಲ ತುಂಬುವ ಹೊತ್ತಿಗೆ ಊದಕ್ಕ ಸಾಲಿನಲ್ಲಿದ್ದ ಮುಖಗಳನ್ನೆಲ್ಲ ಒಮ್ಮೆ ನೋಡಿದಳು. ಒಂಬತ್ತನೆಯವಳು ನಾದಿನಿ.

“ಗ್ಯಾಸಿನ ಮಾತ್ರೆ ತಿಂದ್ಯಾ?”

“ಇಲ್ಲ ಅತ್ತಿಗೆ. ನಿನ್ನಾಣೆ.”

“ನನ್ನಾಣೆ ಬೇಡ. ನಾನು ಸತ್ರೆ ನಿಂಗೇನೂ ನಷ್ಟ ಇಲ್ಲ. ಈ ವಾರ ಬಾಯಿಗೆ ಏನೇನು ಹಾಕ್ಕೊಂಡೆ, ಒಂದೊಂದಾಗಿ ಹೇಳು.”

“ನೀನು ಬಡಿಸಿದ್ದು. ಇಲ್ಲಿ ಚಹಾ. ಶಕ್ತಿ ಮಾತ್ರೆ.”

“ಯಾವ ಶಕ್ತಿ?”

“ಕಾಂಪೌಂಡರ್ ಕೊಟ್ಟಿದ್ದು. ಎಲ್ರಿಗೂ ಕೊಟ್ರು, ಈಗ ಒಂದು ವಾರದಿಂದ. ಉಪವಾಸ ಇದ್ದು ಪರೀಕ್ಷೆಗೆ ಬರ್ಬೇಕಲ್ಲ, ಸುಸ್ತಾಗಬಾರದು ಅಂತ. ಇವತ್ತು ಬೆಳಿಗ್ಗೆನೂ ಒಂದು.”

ಕಾಂಪೌಂಡರ್ ಎಂದರೆ ಕಾರ್ಖಾನೆಯ ಪ್ರಥಮ ಚಿಕಿತ್ಸೆ ಕೋಣೆಯ ಒಡೆಯ. ಬಿಳಿ ಕೋಟು ಹಾಕಿ ಹಾಕಿ ತಾನು ಡಾಕ್ಟರೆಂದೇ ನಂಬಿದ್ದ ದೊಡ್ಡ ಹೊಟ್ಟೆಯ ಮನುಷ್ಯ. ಕರೆದ ಕೂಡಲೇ ಬಂದ, ಕರೆಯುವುದಕ್ಕೇ ಕಾದಿದ್ದವನಂತೆ. ಕೈಯಲ್ಲಿ ರಟ್ಟಿನ ಡಬ್ಬಿ. ಊದಕ್ಕ ಒಂದು ಪಟ್ಟಿ ತೆಗೆದು ಹಿಂಬದಿ ಓದಿದಳು. ಅದೇ. ಹೆಡ್‌ಮಾಸ್ಟರ ಜೇಬಿನಲ್ಲಿದ್ದುದರ ಸ್ವಂತ ತಮ್ಮ.

“ಇದು ಶಕ್ತಿ ಮಾತ್ರೆನಾ?”

“ಹಾಗಂದ್ರೆ ನುಂಗ್ತಾರೆ. ಇವರಿಗೆಲ್ಲ ವಿವರಿಸೋಕಾಗತ್ತಾ ಸಿಸ್ಟರ್? ಖಾಲಿ ಹೊಟ್ಟೇಲಿ ಬಂದ್ರೆ ಆಮ್ಲ ಏರತ್ತೆ, ಫೋಟೋ ತೆಗೆಯೋವಾಗ ಒಬ್ಬಿಬ್ರು ಬಿದ್ದುಹೋದ್ರೆ ಮರ್ಯಾದೆ ಏನಾಗ್ಬೇಕು? ನಾನೇ ಯೋಚನೆ ಮಾಡಿ ಕೊಟ್ಟೆ. ಯಾರೂ ಹೇಳ್ಲಿಲ್ಲ.” ಕೊನೆಯ ಮಾತನ್ನು ಎದೆಯುಬ್ಬಿಸಿ ಹೇಳಿದ.

ಊದಕ್ಕ ಅವನ ಮುಖ ನೋಡಿದಳು. ಹುನ್ನಾರದ ಒಂದು ಗೆರೆಯಾದರೂ ಸಿಕ್ಕೀತೆಂದು ಹುಡುಕಿದಳು. ಇರಲಿಲ್ಲ. ಶುದ್ಧ ದಡ್ಡತನ ತುಂಬಿದ ಕೊಡದಂತಿತ್ತು ಆ ಮುಖ. ಹುನ್ನಾರ ಮಾಡುವವನನ್ನಾದರೂ ಹೆದರಿಸಬಹುದು. ಉಪಕಾರ ಮಾಡುತ್ತೇನೆಂದು ಹೊರಟವನನ್ನು ತಡೆಯಲು ಬುಲ್ಡೋಜರೇ ಬೇಕು.

ನಗುಮುಖಳಿಗೆ ವಿಷಯ ಹೇಳಿದಳು. ಇವತ್ತು ಊದಿದರೆ ಎಲ್ಲರದೂ ‘ಇಲ್ಲ’ ಎಂದು ಬರುತ್ತದೆ, ಎರಡು ವಾರ ಬಿಟ್ಟು ಮಾಡಬೇಕು. ನಗುಮುಖಳ ಹಲ್ಲು ಒಂದೂ ಒಳಗೆ ಹೋಗಲಿಲ್ಲ.

“ಎಲ್ಲರದೂ ಇಲ್ಲ ಅಂತ ಬಂದ್ರೆ ಒಳ್ಳೇದೇ ಅಲ್ವಾ? ಎಲ್ರೂ ಆರೋಗ್ಯವಾಗಿದ್ದಾರೆ ಅಂತ ಆಯ್ತು.”

“ಆರೋಗ್ಯ ಅಲ್ಲ ಮೇಡಂ. ಮುಚ್ಚಿಟ್ಟಿದ್ದು.”

“ನಮ್ಗೆ ರಿಪೋರ್ಟ್ ಬೇಕು. ನೀವು ಊದಿಸೋಕೆ ಬಂದಿದ್ದೀರಿ, ಊದಿಸಿ.”

ದಡ್ಡತನ ಅನ್ಯಾಯವಾದದ್ದು ಆ ಕ್ಷಣದಲ್ಲಿ. ಕಾಂಪೌಂಡರನ ತಪ್ಪು ತಿಳಿಯದೆ ಆದದ್ದು. ನಗುಮುಖ ಅದನ್ನು ತಿಳಿದೂ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಊದಕ್ಕ ಲ್ಯಾಬಿನ ಯಜಮಾನನಿಗೆ ಫೋನು ಮಾಡಿದಳು. ಅವನು ಡಾಕ್ಟರೇ. ಆದರೆ ರೋಗಿಯನ್ನು ಮುಟ್ಟಿ ನೋಡಿ ವರ್ಷಗಳಾಗಿದ್ದವು. ಸಹಿ ಹಾಕುವುದೊಂದೇ ಅವನಿಗೆ ಉಳಿದಿದ್ದ ಡಾಕ್ಟರಿಕೆ.

“ನೀನು ಊದಿಸಮ್ಮ. ಓದೋದು ಯಂತ್ರ. ನಿಂಗ್ಯಾಕೆ ಊರ ಉಸಾಬರಿ?”

“ಸಾರ್, ಅರವತ್ತಮೂರು ಜನರ ಕೆಲಸ ಹೋಗತ್ತೆ.”

“ಕೆಲಸ ಕೊಟ್ಟಿದ್ದು ನಾವಾ? ಊದಿಸು.”

ಊದಕ್ಕ ಫೋನು ಕೆಳಗಿಟ್ಟಳು. ತುಂಬಿದ ಎಂಟು ನೀಲಿ ಚೀಲಗಳನ್ನು ಒಂದೊಂದಾಗಿ ಎತ್ತಿ, ಬಾಯಿ ಬಿಚ್ಚಿ, ಮೇಜಿನ ಮೇಲೆ ಅಂಗೈಯಿಂದ ಒತ್ತಿದಳು. ಚೀಲಗಳು ಉಸ್ಸೆಂದು ಚಪ್ಪಟೆಯಾದವು. ಆಮೇಲೆ ಫಾರಮ್ಮುಗಳನ್ನು ಎಳೆದುಕೊಂಡು ಪ್ರತಿಯೊಂದರ ಮೇಲೂ ಬರೆದಳು: ‘ಆಮ್ಲ ತಗ್ಗಿಸುವ ಮಾತ್ರೆ ಕೊಡಲಾಗಿದೆ. ಇಂದು ಪರೀಕ್ಷೆ ಮಾಡಿದರೆ ಫಲಿತಾಂಶ ಸರಿಬಾರದು.’ ಬರೆದು ಕಾಂಪೌಂಡರನ ಕಡೆ ತಿರುಗಿದಳು. ದನಿಯಲ್ಲಿ ಜೇನು ಸುರಿಯುತ್ತಿತ್ತು. ಮನೆಯವರು ಕೇಳಿದ್ದರೆ ಹೆದರುತ್ತಿದ್ದರು.

“ಸಾರ್, ಇಷ್ಟು ಜನಕ್ಕೆ ಒಂದು ವಾರ ಸ್ವಂತ ಬುದ್ಧಿ ಓಡಿಸಿ ಮಾತ್ರೆ ಕೊಟ್ಟಿದ್ದೀರಿ. ದಾಖಲೆ ಇರ್ಬೇಕಲ್ವಾ? ನಾಳೆ ಬೇರೆ ಯಾರಾದ್ರೂ ನಾನೇ ಕೊಟ್ಟೆ ಅಂದ್ರೆ?”

ಕಾಂಪೌಂಡರನಿಗೆ ಸಾರ್ ಎಂದು ಕರೆಸಿಕೊಂಡೇ ಅರ್ಧ ಅಮಲೇರಿತ್ತು. ಕೋಟಿನ ಜೇಬಿನಿಂದ ಮುದ್ರೆ ತೆಗೆದ. ಎಲ್ಲ ಹಾಳೆಗಳ ಮೇಲೂ ಮಾತ್ರೆಯ ಹೆಸರು, ಯಾವ ತಾರೀಖಿನಿಂದ, ದಿನಕ್ಕೆಷ್ಟು ಎಂದು ದುಂಡಗೆ ಬರೆದು, ಸಹಿ ಹಾಕಿ, ಮೇಲಿನ ಹಾಳೆಗೂ ಅಡಿಯ ಕಾರ್ಬನ್ ಪ್ರತಿಗೂ ಮುದ್ರೆ ಒತ್ತಿದ. ಅರವತ್ತಮೂರು ಸಲ. ಕೈ ನೋಯುತ್ತಿದ್ದರೂ ಬಿಡಲಿಲ್ಲ. ಫೋಟೋದವನನ್ನೂ ಕರೆದು, ಒತ್ತುವಾಗ ಒಂದು ತೆಗೆ ಅಂದ. ನಗುಮುಖ ದೂರದಿಂದ ಇದನ್ನು ನೋಡಿ, ಸದ್ಯ, ಕೆಲಸ ನಡೆಯುತ್ತಿದೆ ಅಂದುಕೊಂಡಳು. ಹತ್ತಿರ ಬರುವಷ್ಟರಲ್ಲಿ ಊದಕ್ಕ ಅಡಿಯ ಕಾರ್ಬನ್ ಪ್ರತಿಗಳನ್ನು ಇಸ್ತ್ರಿಯವರ ಕೈಗೆ ಒಂದೊಂದಾಗಿ ಹಂಚಿಯಾಗಿತ್ತು.

ಮುದ್ರೆ ಬಿದ್ದ ಕಾಗದವನ್ನು ಮುಂದಿಟ್ಟುಕೊಂಡು ‘ಇಲ್ಲ’ ಎಂದು ರಿಪೋರ್ಟು ಬರೆಯುವ ಎದೆ ಯಜಮಾನನಿಗಿರಲಿಲ್ಲ. ಪರೀಕ್ಷೆ ಎರಡು ವಾರ ಮುಂದೆ ಹೋಯಿತು, ಈ ಸಲ ಲ್ಯಾಬಿನಲ್ಲಿ. ಊದಕ್ಕನನ್ನು ಮೂತ್ರದ ಕೌಂಟರಿಗೆ ಹಾಕಿದರು. ಉಸಿರಿನ ಕೋಣೆಗೆ ಹೊಸ ಹುಡುಗಿ ಬಂದಳು.

ಆ ಎರಡು ವಾರ ಇಸ್ತ್ರಿ ವಿಭಾಗವೇ ಊದಕ್ಕನಿಗೆ ಶಾಪ ಹಾಕಿತು. ಮಾತ್ರೆ ನಿಂತು ಅರವತ್ತಮೂರು ಹೊಟ್ಟೆ ಒಟ್ಟಿಗೆ ಹೊತ್ತಿಕೊಂಡಿದ್ದವು. ಉಪಕಾರಕ್ಕೆ ಕೃತಜ್ಞತೆ ಬೇಕೆನ್ನುವವರು ಇಂಥ ಕೆಲಸಕ್ಕೆ ಇಳಿಯಬಾರದು. ಮನೆಯಲ್ಲಂತೂ ಗಂಡ ವ್ಯಾನನ್ನು ದಿನಕ್ಕೆ ಎರಡು ಸಲ ತೊಳೆದ. ಪರೀಕ್ಷೆಯ ಹಿಂದಿನ ಸಂಜೆ ನಾದಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಅತ್ತಿಗೆ, ಒಂದು ಮಾತು. ಒಂದು ವೇಳೆ ನಂಗೆ ಕ್ರಿಮಿ ಇಲ್ದೇ ಹೋದ್ರೆ?”

“ಇರತ್ತೆ. ಮಲ್ಕೊ ಹೋಗು.”

“ಇಲ್ದೇ ಹೋದ್ರೆ, ನನ್ನ ಚೀಲಕ್ಕೆ ಬೇರೆ ಯಾರದ್ದಾದ್ರೂ ಉಸಿರು ತುಂಬಿಸು. ಯಾರಾದ್ರೂ ಚೆನ್ನಾಗಿ ಕಾಯಿಲೆ ಇರೋರದ್ದು.”

“ಪಕ್ಕದ್ಮನೆಯಿಂದ ಇಸ್ಕೊಂಡು ಬರೋಕೆ ಉಸಿರೇನು ಸಕ್ಕರೆನಾ?”

“ನಗಬೇಡ. ನಂಗೆ ಕೆಲಸ ಹೋದ್ರೆ ನಿನ್ನ ಅಡುಗೆಮನೇಲೇ ದಿನವಿಡೀ ಇರ್ತೀನಿ. ಯೋಚನೆ ಮಾಡು.”

ಇದು ನಿಜವಾದ ಬೆದರಿಕೆ. ಊದಕ್ಕ ಯೋಚನೆ ಮಾಡಿದಳು ಕೂಡ. ಮೂತ್ರದ ಕೌಂಟರಿಗೆ ಹೋದರೂ ಲ್ಯಾಬಿನ ಚೀಟಿ ಅಂಟಿಸುವ ಕೈ ಇನ್ನೂ ತನ್ನದೇ, ಎರಡು ಚೀಟಿ ಅದಲುಬದಲಾದರೆ ಕೇಳುವವರಿಲ್ಲ. ಆದರೆ ನಾದಿನಿಗೆ ಬಂದ ಕ್ರಿಮಿ ಇನ್ನೊಬ್ಬರಿಂದ ಹೋದ ಕ್ರಿಮಿ. ಆ ಇನ್ನೊಬ್ಬರು ಹುಣ್ಣು ಹೊತ್ತು ಬೀದಿಗೆ ಬೀಳುತ್ತಾರೆ. “ಆಗಲ್ಲ” ಎಂದಳು. ಯಾಕೆಂದು ವಿವರಿಸಲಿಲ್ಲ. ನಾದಿನಿ ಬಾಗಿಲು ಬಡಿದುಕೊಂಡು ಹೋದಳು.

ಬೆಳಿಗ್ಗೆ ಹೊಸ ಹುಡುಗಿ ಹನ್ನೆರಡು ಜನರಿಂದ ಊದಿಸಿದಳು. ಯಂತ್ರ ಹನ್ನೆರಡು ಚೀಲವನ್ನೂ ಹೊರಗೆ ಎಸೆಯಿತು, ಗಾಳಿ ಸಾಲದು ಅಂತ. ಊದುವ ಮೊದಲು ಹತ್ತು ಎಣಿಸುವಷ್ಟು ಉಸಿರು ಹಿಡಿದಿಡಬೇಕೆಂದು ಹೇಳುವುದನ್ನೇ ಅವಳು ಮರೆತಿದ್ದಳು. ಜನ ಬಾಯಿಯ ಗಾಳಿಯನ್ನಷ್ಟೇ ಪುಸ್ಸೆಂದು ಬಿಟ್ಟಿದ್ದರು. ಯಜಮಾನ ಮೂತ್ರದ ಕೌಂಟರಿನ ತನಕ ತಾನೇ ನಡೆದು ಬಂದ. ಊದಕ್ಕ ಕೈ ತೊಳೆದುಕೊಂಡು ಹಳೆಯ ಕುರ್ಚಿಗೆ ಹೋದಳು. “ಎದೆ ಉರಿ?” ಎಂದು ಮೊದಲನೆಯವನನ್ನು ಕೇಳಿದಳು. “ನಿನ್ ತಲೆ! ಸಾಯ್ತಾ ಇದೀನಿ” ಎಂದ ಅವನು. “ಹಾಂ, ಕೂತ್ಕೊ” ಎಂದಳು.

ಮೂರು ದಿನದಲ್ಲಿ ಅರವತ್ತಮೂರು ಜನ ಊದಿದರು. ನಲವತ್ತನಾಲ್ಕು ಜನರಲ್ಲಿ ಕ್ರಿಮಿ ಇತ್ತು. ಕೆಲವರಲ್ಲಿ ಸಂಖ್ಯೆ ಮೂವತ್ತು ದಾಟಿತ್ತು. ರೋಗ ಇದೆಯೆಂದು ಗೊತ್ತಾದವರು ಅಲ್ಲೇ ತಬ್ಬಿಕೊಂಡು ಕುಣಿದರು. ನೋವನ್ನು ನೋವೆಂದು ಒಪ್ಪಿಸಲು ಅಂಕಪಟ್ಟಿ ಬೇಕಾದ ಜನ ಇನ್ನು ಹೇಗೆ ತಾನೇ ಖುಷಿಪಡಬೇಕು? ಹತ್ತೊಂಬತ್ತು ಜನರಲ್ಲಿ ಕ್ರಿಮಿ ಇರಲಿಲ್ಲ. ನಾದಿನಿಯ ಸಂಖ್ಯೆ ಸೊನ್ನೆ ದಶಮಾಂಶ ಆರು.

ಊದಕ್ಕ ಯಂತ್ರಕ್ಕೆ ಇನ್ನೊಮ್ಮೆ ಚೀಲ ಕೊಟ್ಟಳು. ಸೊನ್ನೆ ದಶಮಾಂಶ ಆರು. ಕುರ್ಚಿಯಲ್ಲಿ ನಾದಿನಿ ಬೂದಿಬಣ್ಣದ ಮುಖ ಮಾಡಿಕೊಂಡು ಹೊಟ್ಟೆ ಅವುಚಿ ಕೂತಿದ್ದಳು. ಇವಳು ನಾಟಕ ಆಡುತ್ತಿಲ್ಲ. ಯಂತ್ರವೂ ಸುಳ್ಳಾಡುತ್ತಿಲ್ಲ.

“ಏನೇ, ಬೇರೆ ಏನು ನುಂಗ್ತೀಯ ನೀನು? ಗ್ಯಾಸಿನದ್ದಲ್ಲ. ಬೇರೆ.”

“ಭುಜದ ನೋವಿಗೆ ಒಂದು.”

“ಯಾವಾಗಿಂದ?”

“ಎರಡು ವರ್ಷ ಆಯ್ತು. ಬೆಳಿಗ್ಗೆ ಒಂದು, ಊಟ ಆದ್ಮೇಲೆ ಒಂದು. ಪೆಟ್ಟಿಗೆ ಎತ್ತಿ ಎತ್ತಿ ತೋಳು ಬಿದ್ದುಹೋಗತ್ತೆ ಅತ್ತಿಗೆ. ಎಲ್ರೂ ತಗೋತೀವಿ.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀನ್ಯಾಕೆ ಕೇಳ್ಲಿಲ್ಲ?”

ಊದಕ್ಕ ಫಾರಮ್ಮನ್ನು ಎಳೆದುಕೊಂಡು ಮೇಲಿನಿಂದ ಕೆಳಗೆ ಓದಿದಳು. ಫಾರಮ್ಮಿನಲ್ಲಿ ಆ ಪ್ರಶ್ನೆ ಇರಲಿಲ್ಲ, ಅವಳು ಕೇಳಿರಲಿಲ್ಲ. ನೋವಿನ ಮಾತ್ರೆ ಕ್ರಿಮಿಯ ಹಂಗಿಲ್ಲದೆ ತಾನೇ ಹೊಟ್ಟೆಯನ್ನು ಕೊರೆಯುತ್ತದೆಂದು ಲ್ಯಾಬಿನ ಗೋಡೆಯ ಚಿತ್ರದಲ್ಲೇ ಬರೆದಿತ್ತು. ಹದಿನಾಲ್ಕು ವರ್ಷ ಅದರ ಕೆಳಗೆ ಕೂತು ಕ್ರಿಮಿ, ಕ್ರಿಮಿ ಎಂದು ಜಪ ಮಾಡಿದ್ದಳು. ನೋಟೀಸಿನ ಕೊನೆಯ ಸಾಲು ಈಗ ಅವಳ ಕಣ್ಣಿಗೆ ಸರಿಯಾಗಿ ಕಂಡಿತು. ಹೊಟ್ಟೆ ನೋಯಲು ಒಂದೇ ದಾರಿ ಎಂದು ಬರೆದವಳು ನಗುಮುಖ, ತಲೆಯಾಡಿಸಿ ಒಪ್ಪಿದವಳು ತಾನು.

ಪೆನ್ನು ತೆಗೆದುಕೊಂಡು ಹತ್ತೊಂಬತ್ತು ರಿಪೋರ್ಟುಗಳ ಮೇಲೂ ಸಂಖ್ಯೆಯ ಕೆಳಗೆ ಬರೆದಳು: ‘ಕ್ರಿಮಿ ಇಲ್ಲ. ನೋವಿಲ್ಲ ಎಂದು ಈ ಪರೀಕ್ಷೆ ಹೇಳುವುದಿಲ್ಲ. ಹುಣ್ಣು ಇದೆಯೇ ಎಂದು ಆಸ್ಪತ್ರೆಯಲ್ಲಿ ನೋಡಿಸಬೇಕು.’ ಯಜಮಾನ ಎಂದಿನಂತೆ ಓದದೆ ಎಲ್ಲಕ್ಕೂ ಸಹಿ ಜಡಿದ.

ಸೋಮವಾರ ನಗುಮುಖ ಲ್ಯಾಬಿಗೇ ಬಂದಳು. ಹಲ್ಲು ಹೊರಗೇ ಇದ್ದವು, ಆದರೆ ಈ ಸಲ ಬಿಗಿದಿದ್ದವು. ಆ ಸಾಲನ್ನು ಹೊಡೆದು ಹಾಕಬೇಕಂತೆ. ಇಲ್ಲದಿದ್ದರೆ ಗುತ್ತಿಗೆ ಬೇರೆ ಲ್ಯಾಬಿಗೆ. ಯಜಮಾನ ಊದಕ್ಕನನ್ನು ಕರೆಸಿ ರಿಪೋರ್ಟುಗಳ ಕಟ್ಟನ್ನು ಮುಂದೆ ತಳ್ಳಿದ.

“ಒಂದು ಗೆರೆ ಎಳೆದುಬಿಡಮ್ಮ. ಮುಗೀತು.”

“ನಾನು ಎಳೆಯೋ ಹಾಗಿಲ್ಲ ಸಾರ್. ಕೆಳಗೆ ನಿಮ್ಮ ಸಹಿ ಇದೆ. ನೀವೇ ಎಳೀರಿ, ಪಕ್ಕದಲ್ಲಿ ಇನ್ನೊಂದು ಸಹಿ ಹಾಕಿ. ನಾಳೆ ಇವರಲ್ಲಿ ಒಬ್ರು ರಕ್ತ ಕಾರ್ಕೊಂಡು ಬಿದ್ರೆ, ಗೆರೆ ಎಳೆದ ಡಾಕ್ಟರ್ ಯಾರು ಅಂತ ಗೊತ್ತಾಗ್ಬೇಕಲ್ಲ.”

ಯಜಮಾನ ಪೆನ್ನಿನ ಮುಚ್ಚಳ ತೆಗೆದ. ಹಾಕಿದ. ಮತ್ತೆ ತೆಗೆದ. ಅವನೊಳಗೆ ನ್ಯಾಯಬುದ್ಧಿ ಎದ್ದು ಕೂತಿತೆಂದು ಯಾರೂ ತಿಳಿಯಬೇಕಾಗಿಲ್ಲ. ಎದ್ದು ಕೂತದ್ದು ಭಯ. ಡಾಕ್ಟರಿಕೆಯ ಪರವಾನಗಿ ಗೋಡೆಯ ಮೇಲೆ ಚೌಕಟ್ಟಿನಲ್ಲಿತ್ತು, ಅವನ ಕಣ್ಣು ಅದರ ಕಡೆಗೊಮ್ಮೆ ಹೋಗಿ ಬಂತು. “ರಿಪೋರ್ಟು ಇದ್ದ ಹಾಗೇ ಇರತ್ತೆ ಮೇಡಂ” ಎಂದ, ಮೇಜಿಗೆ ಹೇಳುವವನಂತೆ. ದೊಡ್ಡವರ ಧೈರ್ಯದಿಂದ ಬಡವರಿಗೆ ಯಾವತ್ತೂ ಏನೂ ಸಿಕ್ಕಿಲ್ಲ. ಒಮ್ಮೊಮ್ಮೆ ಅವರ ಪುಕ್ಕಲುತನದಿಂದ ಸಿಗುತ್ತದೆ.

ಸಹಿ ಇರುವ ಹತ್ತೊಂಬತ್ತು ಕಾಗದ, ಮುದ್ರೆ ಇರುವ ಅರವತ್ತಮೂರು ಕಾಗದ ಹೊರಗೆ ಓಡಾಡುತ್ತಿರುವಾಗ ಯಾರನ್ನೂ ಸುಳ್ಳುಗಾರರೆಂದು ಕಳಿಸಲಾಗಲಿಲ್ಲ. ನೋಟೀಸು ಬೋರ್ಡಿನಿಂದ ಸದ್ದಿಲ್ಲದೆ ಇಳಿಯಿತು. ಅದನ್ನು ಇಳಿಸುವಾಗ ಯಾರೂ ಬಣ್ಣದ ಕಾಗದ ಕಟ್ಟಲಿಲ್ಲ. ಕಾಂಪೌಂಡರನನ್ನು ಮಾತ್ರ ಇನ್ನೊಂದು ಕಾರ್ಖಾನೆಗೆ ಕಳಿಸಿದರು, ಅಲ್ಲಿನ ಜನ ಏನು ಪಾಪ ಮಾಡಿದ್ದರೋ. ಲ್ಯಾಬಿನ ಗುತ್ತಿಗೆ ಹೋಯಿತು. ಊದಕ್ಕನ ಕುರ್ಚಿ ಹೋಗಲಿಲ್ಲ, ಅವಳಂತೆ ಕಂಡವರ ಬಾಯಿವಾಸನೆ ಸಹಿಸುವವರು ಬೇರೆ ಸಿಗಲಿಲ್ಲವಾದ್ದರಿಂದ. ನಲವತ್ತನಾಲ್ಕು ಜನ ಎರಡು ವಾರ ಹಿಡಿಹಿಡಿ ಮಾತ್ರೆ ನುಂಗಿ ರಜೆ ಮುಗಿಸಿ ಬಂದರು. ಸ್ಟೂಲು ಮಾತ್ರ ಇನ್ನೂ ಬಂದಿರಲಿಲ್ಲ. ಅದಕ್ಕೆ ಬೇರೆ ಅರ್ಜಿ ಬರೆಯುತ್ತಿದ್ದರು.

ನಾದಿನಿಯ ಸರದಿ ಬಂದದ್ದು ಆಮೇಲೊಂದು ಬುಧವಾರ, ಸರಕಾರಿ ಆಸ್ಪತ್ರೆಯಲ್ಲಿ. ಊದಕ್ಕ ರಜೆ ಹಾಕಿ ಜೊತೆಗೆ ಹೋದಳು. ಬೆಂಚಿನ ಮೇಲೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತರು. ಮನೆಯಲ್ಲಿ ಹಾಗೆ ಎಂದೂ ಕೂತವರಲ್ಲ, ಬೆಂಚು ಚಿಕ್ಕದು. ನರ್ಸು ಬಂದು ಕೊಳವೆಯನ್ನು ತೋರಿಸಿ, ತುದಿಯಲ್ಲಿ ಕ್ಯಾಮೆರಾ ಇದೆ, ಗಂಟಲಿನಿಂದ ಒಳಗೆ ಹೋಗುತ್ತದೆ, ಹೆದರಬೇಡಿ ಎಂದು ಹೇಳಿ ಹೋದಳು. ನಾದಿನಿ ಕೊಳವೆಯ ಉದ್ದವನ್ನು ಕಣ್ಣಿನಿಂದ ಅಳೆದಳು.

“ಇದಿಷ್ಟೂ ನನ್ನೊಳಗೆ ಹೋಗತ್ತಾ?”

“ನಿನ್ನ ನ್ಯಾಯ ಅಷ್ಟು ಕೆಳಗಿದೆ ಕಣೆ.”

“ಸುಮ್ನಿರು ಅತ್ತಿಗೆ. ಬೇರೆಯವರ ಉಸಿರು ತುಂಬಿಸಿದ್ರೆ ಇವತ್ತು ನಾನು ಮನೇಲಿ ರಜೆ ಹಾಕ್ಕೊಂಡು ಮಲಗಿರ್ತಿದ್ದೆ.”

“ಹುಣ್ಣಿನ ಜೊತೆ ಮಲಗಿರ್ತಿದ್ದೆ.”

ಒಳಗಿನಿಂದ ನಾದಿನಿಯ ಸಂಖ್ಯೆ ಕೂಗಿದರು. ಅವಳು ಎದ್ದಳು, ಎರಡು ಹೆಜ್ಜೆ ಹೋದಳು, ವಾಪಸು ಬಂದು ತನ್ನ ಚೀಲ, ಚಪ್ಪಲಿ, ಓಲೆ ಎಲ್ಲವನ್ನೂ ಊದಕ್ಕನ ಮಡಿಲಿಗೆ ಸುರಿದಳು.

“ಬಾ ಒಳಗೆ. ನಾನೊಬ್ಬಳೇ ಹೋಗಲ್ಲ” ಎಂದಳು. “ನನ್ನನ್ನ ಏನೇನು ಕೇಳ್ಬೇಕು ಅಂತ ನೀನೇ ಅವರಿಗೆ ಹೇಳು.”